ಸೋರಿಯಾಸಿಸ್ ಹತೋಟಿಗೆ ಬಂದ ಬಗೆ

ನನಗೆ ಸೋರಿಯಾಸಿಸ್ ಎಂಬ ಚರ್ಮರೋಗ ಮೊದಲು ಕಾಣಿಸಿಕೊಂಡದ್ದು ಸೊಂಟದ ಸುತ್ತ, ಲಂಗದ ಲಾಡಿ ಬಿಗಿಯುವ ಗೆರೆಯಲ್ಲಿ. ದಿನವೂ ಸೀರೆ ಉಡುವವರಿಗೆ ಆ ಜಾಗ ಒರಟಾಗುವುದು, ಕಪ್ಪಾಗುವುದು, ಬೆವರಿಗೆ ನವೆಯಾಗುವುದು ಹೊಸದಲ್ಲವಾದ್ದರಿಂದ ಮನೆಯಲ್ಲಿ ಯಾರೂ ಅದನ್ನು ಕಾಯಿಲೆಯೆಂದು ಎಣಿಸಲಿಲ್ಲ. ಭದ್ರಾವತಿಯ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಹುಳುಕಡ್ಡಿ ಎಂದು ತೀರ್ಮಾನಿಸಿ ಒಂದು ಟ್ಯೂಬು ಕೊಟ್ಟರು. ಹಚ್ಚಿದ ಕೆಲವೇ ದಿನಗಳಲ್ಲಿ ಚರ್ಮ ತಿಳಿಯಾಯಿತು. ನಿಲ್ಲಿಸಿದ ಮೇಲೆ ಮೊದಲಿಗಿಂತ ಅಗಲವಾಗಿ ಮರಳಿತು. ಶಿಲೀಂಧ್ರನಾಶಕದೊಂದಿಗೆ ಪ್ರಬಲ ಸ್ಟೀರಾಯ್ಡ್ ಬೆರೆಸಿದ ಇಂಥ ಮುಲಾಮುಗಳು ಯಾವುದಕ್ಕೆ ಹಚ್ಚಿದರೂ ಸ್ವಲ್ಪ ಕಾಲ ತಣಿಸುತ್ತವೆ, ಮತ್ತು ಹಾಗೆ ತಣಿಸುವುದರಿಂದಲೇ ರೋಗದ ಗುರುತನ್ನು ಮರೆಮಾಡುತ್ತವೆ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದ್ದರೂ, ಕೈಚಾಚಿದರೆ ಸಿಗುವುದು ಇಂದಿಗೂ ನಿಂತಿಲ್ಲ.

ಅದೇ ಚಳಿಗಾಲದಲ್ಲಿ ಮೊಣಕೈಗಳಿಗೂ ಮೊಣಕಾಲಿಗೂ ತಲೆಗೂ ಹಬ್ಬಿತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಉತ್ತರಪತ್ರಿಕೆ ತಿದ್ದುವಾಗ ಮೊಣಕೈ ಊರಿದ ಜಾಗದಲ್ಲಿ ಮೇಜಿನ ಮೇಲೆ ಬೂದುಬಿಳಿ ಚಕ್ಕೆಗಳು ಉದುರಿರುತ್ತಿದ್ದವು. ತಲೆಯ ಹೊಟ್ಟು ಸಾಮಾನ್ಯ ಹೊಟ್ಟಿನಂತಿರದೆ ಕೂದಲ ಅಂಚನ್ನು ದಾಟಿ ಹಣೆಗೆ ಇಳಿದಿತ್ತು, ಕಿವಿಯ ಹಿಂದೆ ದಪ್ಪಗೆ ಕಟ್ಟಿಕೊಂಡಿತ್ತು. ಸಿಬ್ಬಂದಿ ಕೊಠಡಿಯಲ್ಲಿ ಮೊದಲು ನನ್ನ ಡಬ್ಬಿಯ ಉಪ್ಪಿನಕಾಯಿಗೆ ಕೈಹಾಕುತ್ತಿದ್ದವರು ಏನನ್ನೂ ಹೇಳದೆ ಅದನ್ನು ಬಿಟ್ಟರು. ತರಗತಿಯ ಮಕ್ಕಳಲ್ಲಿ ಅಷ್ಟು ಮುಚ್ಚುಮರೆ ಇರಲಿಲ್ಲ. “ಮಿಸ್, ಅದು ನಮಗೂ ಅಂಟುತ್ತಾ?” ಎಂದು ಮುಂದಿನ ಬೆಂಚಿನ ಹುಡುಗಿ ನೇರವಾಗಿ ಕೇಳಿದಳು. ಉತ್ತರ ಅಂದು ನನಗೂ ಗೊತ್ತಿರಲಿಲ್ಲ. ತಿಳಿದುಕೊಂಡು ಹೇಳುತ್ತೇನೆ ಎಂದೆ.

ಶಿವಮೊಗ್ಗದ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ನನ್ನನ್ನು ನೋಡಿದ ವೈದ್ಯೆ ಮೊದಲು ಕೇಳಿದ್ದು ನವೆಯ ವಿಚಾರವನ್ನಲ್ಲ, ಮನೆತನದ ವಿಚಾರವನ್ನು. ಕಡೂರಿನಲ್ಲಿರುವ ಸೋದರಮಾವನಿಗೆ ಇಂಥದೇ ಚರ್ಮರೋಗ ಇದೆ ಎಂದೆ. ಅವರು ಕೈಬೆರಳುಗಳ ಉಗುರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾನು ಎಂದೂ ಗಮನಿಸದಿದ್ದ ಸೂಜಿಮೊನೆಯಷ್ಟು ಸಣ್ಣ ಕುಳಿಗಳು ಎರಡು ಉಗುರುಗಳ ಮೇಲಿದ್ದವು. ನಂತರ ಗಾಜಿನ ಸ್ಲೈಡಿನ ಅಂಚಿನಿಂದ ಮೊಣಕೈಯ ಮಚ್ಚೆಯನ್ನು ಮೆಲ್ಲಗೆ ಕೆರೆದರು. ಮೊದಲು ಚಕ್ಕೆ ಮೇಣದಬತ್ತಿಯನ್ನು ಕೆರೆದಂತೆ ಪುಡಿಪುಡಿಯಾಗಿ ಎದ್ದಿತು, ಆಮೇಲೆ ತೆಳುವಾದೊಂದು ಪೊರೆ ಸುಲಿಯಿತು, ಅದರಡಿಯಲ್ಲಿ ಚುಕ್ಕಿಚುಕ್ಕಿಯಾಗಿ ರಕ್ತ ಕಾಣಿಸಿಕೊಂಡಿತು. ಈ ಚುಕ್ಕಿಗಳಿಗೆ ಆಸ್ಪಿಟ್ಜ್ ಚಿಹ್ನೆ ಎಂದು ಹೆಸರಿದೆ. ನನಗೆ ಬಯಾಪ್ಸಿಯ, ಅಂದರೆ ಚರ್ಮದ ತುಣುಕು ತೆಗೆದು ಪರೀಕ್ಷಿಸುವ, ಅಗತ್ಯ ಬೀಳಲಿಲ್ಲ. ಸೊಂಟದ ಗೆರೆಯನ್ನು ನೋಡಿ ಅವರು ಇನ್ನೊಂದು ಸಂಗತಿ ವಿವರಿಸಿದರು: ಸೋರಿಯಾಸಿಸ್ ಇರುವವರಲ್ಲಿ ಚರ್ಮಕ್ಕೆ ಪೆಟ್ಟಾದ, ತರಚಿದ, ಸದಾ ತಿಕ್ಕಾಟವಾಗುವ ಜಾಗದಲ್ಲಿ ಹೊಸ ಮಚ್ಚೆ ಏಳುತ್ತದೆ, ಕೋಬ್ನರ್ ಎಂಬ ಜರ್ಮನ್ ವೈದ್ಯ 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ್ದರಿಂದ ಅವನ ಹೆಸರೇ ಅದಕ್ಕೆ ಉಳಿದಿದೆ. ಅಂದಿನಿಂದ ಲಾಡಿಯ ಬದಲು ಅಗಲವಾದ ಮೆತ್ತನೆಯ ಪಟ್ಟಿಯಿರುವ ಲಂಗ ಹೊಲಿಸಿಕೊಂಡೆ. ಚಿಕಿತ್ಸೆಯ ಇಡೀ ಹಾದಿಯಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಪ್ರಯೋಜನವಾದದ್ದು ಮತ್ತೊಂದಿಲ್ಲ.

ಚೀಟಿ ಬರೆಯುವ ಮೊದಲು ಅವರು ಹೇಳಿದ ಮಾತು ಆ ಕ್ಷಣಕ್ಕೆ ನನಗೆ ಹಿಡಿಸಲಿಲ್ಲ. “ನೋಡಮ್ಮ, ಇದನ್ನ ಬೇರುಸಮೇತ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ. ಹತೋಟೀಲಿ ಇಡಬಹುದು, ಚೆನ್ನಾಗೇ ಇಡಬಹುದು. ವಾಸಿ ಮಾಡ್ತೀವಿ ಅಂತ ಬರೆದುಕೊಡೋರ ಹತ್ರ ಮಾತ್ರ ಹೋಗಬೇಡಿ.” ಇಷ್ಟು ವರ್ಷಗಳ ನಂತರ ಹಿಂತಿರುಗಿ ನೋಡಿದರೆ ಚಿಕಿತ್ಸೆ ನಿಜವಾಗಿ ಆರಂಭವಾದದ್ದು ಆ ಮಾತಿನಿಂದ ಎನ್ನಿಸುತ್ತದೆ. ವಾಸಿಯಾಗುವುದೊಂದೇ ಅಳತೆಗೋಲಾಗಿದ್ದರೆ ಕಾಯಿಲೆ ಮರಳಿದಾಗಲೆಲ್ಲ ಹಿಂದಿನ ಔಷಧ ಸೋತಿತೆಂದು ತಿಳಿದು ಮತ್ತೊಂದು ಬಾಗಿಲು ತಟ್ಟುತ್ತೇವೆ. ಹತೋಟಿ ಅಳತೆಗೋಲಾದರೆ ಮೈಯ ಎಷ್ಟು ಭಾಗದಲ್ಲಿದೆ, ಯಾವ ಜಾಗದಲ್ಲಿದೆ, ಎಷ್ಟು ತಿಂಗಳು ಶಾಂತವಾಗಿತ್ತು, ಏನಾದ ಮೇಲೆ ಕೆರಳಿತು ಎಂದು ಕೇಳಿಕೊಳ್ಳಲು ಕಲಿಯುತ್ತೇವೆ.

ಕಾಯಿಲೆಯ ಒಳಗುಟ್ಟನ್ನು ಅವರು ಹೇಳಿದ ಕ್ರಮ ನಾನು ಪಾಠ ಮಾಡುವ ರೀತಿಗೆ ಹತ್ತಿರವಾಗಿತ್ತು. ಚರ್ಮದ ತಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನ ಮಚ್ಚೆಯಲ್ಲಿ ಅದೇ ಪಯಣ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಪಕ್ವವಾಗಲು ಪುರಸತ್ತಿಲ್ಲದ ಕೋಶಗಳು ಉದುರಲಾರದೆ ಒಂದರ ಮೇಲೊಂದು ಪೇರಿಕೊಂಡು ಚಕ್ಕೆಯಾಗುತ್ತವೆ. ಈ ಅವಸರಕ್ಕೆ ಕಾರಣ ಚರ್ಮವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆ. ಟಿ ಕೋಶಗಳೆಂಬ ರಕ್ಷಕ ಕೋಶಗಳು ಶತ್ರುವಿಲ್ಲದೆಯೂ ಎಚ್ಚೆತ್ತು, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23, ಟಿಎನ್‌ಎಫ್ ಮುಂತಾದ ಸಂದೇಶ ರಾಸಾಯನಿಕಗಳ ಮೂಲಕ ಚರ್ಮದಲ್ಲಿ ಉರಿಯೂತ ಹಚ್ಚುತ್ತವೆ. ಹುಟ್ಟಿನಿಂದ ಬಂದ ಒಲವು ಅದಕ್ಕೆ ಬೇಕು; ಆ ಒಲವನ್ನು ಎಬ್ಬಿಸುವ ನೆಪವೂ ಬೇಕು. ಗಂಟಲಿನ ಸೋಂಕು, ಮಾನಸಿಕ ಒತ್ತಡ, ಮದ್ಯ, ಧೂಮಪಾನ, ಲಿಥಿಯಮ್ ಮತ್ತು ಕ್ಲೋರೋಕ್ವಿನ್‌ನಂತಹ ಕೆಲವು ಔಷಧಗಳು ಆ ನೆಪಗಳಲ್ಲಿ ಸೇರುತ್ತವೆ. ಇದರಲ್ಲಿ ಸೂಕ್ಷ್ಮಾಣುವಿನ ಪಾತ್ರ ಹರಡುವ ಅರ್ಥದಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಟವೆಲ್ಲು ಬಳಸಿದರೆ ಅಂಟುವ ಪ್ರಶ್ನೆಯೇ ಏಳುವುದಿಲ್ಲ. ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಇದನ್ನೇ ಹೇಳಿದೆ. ಅವಳು ಬಂದು ನನ್ನ ಮೊಣಕೈಯನ್ನು ಮುಟ್ಟಿ ನೋಡಿ, “ಒರಟಾಗಿದೆ ಮಿಸ್” ಎಂದು ಹೇಳಿ ಲೆಕ್ಕ ಬಿಡಿಸಲು ಕುಳಿತಳು. ಸಿಬ್ಬಂದಿ ಕೊಠಡಿಯನ್ನು ಒಪ್ಪಿಸಲು ಇದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಈ ಭಯ ಹಳೆಯದು. ಸೋರಿಯಾಸಿಸ್ ಮತ್ತು ಕುಷ್ಠ ಬೇರೆಬೇರೆ ರೋಗಗಳೆಂದು ವಿಯೆನ್ನಾದ ಫರ್ಡಿನಾಂಡ್ ವಾನ್ ಹೆಬ್ರಾ ಸ್ಪಷ್ಟವಾಗಿ ಬೇರ್ಪಡಿಸಿದ್ದು 1841ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ಮಂದಿಯನ್ನು ಕುಷ್ಠರೋಗಿಗಳೆಂದು ಊರಾಚೆ ಇಟ್ಟಿರಬೇಕು. ಪುಸ್ತಕಗಳ ಚಿತ್ರಗಳೂ ನಮಗೆ ಅಷ್ಟಾಗಿ ನೆರವಾಗುವುದಿಲ್ಲ. ಬಿಳಿಯರ ಚರ್ಮದ ಮೇಲೆ ಕೆಂಪಗೆ ಕಾಣುವ ಮಚ್ಚೆ ನಮ್ಮ ಮೈಬಣ್ಣದಲ್ಲಿ ನೇರಳೆ ಬೆರೆತ ಕಂದಾಗಿಯೋ ಬರಿಯ ಕಪ್ಪಾಗಿಯೋ ಕಾಣುತ್ತದೆ, ಮಾಗಿದ ಮೇಲೆ ಉಳಿಯುವ ಬಿಳಿಚಿದ ಗುರುತನ್ನು ಜನ ತೊನ್ನು ಎಂದು ಭಾವಿಸುತ್ತಾರೆ.

ಮೊದಲ ಹಂತದಲ್ಲಿ ಹಚ್ಚುವ ಔಷಧಗಳೇ ಬಂದವು. ರೋಗಿಯ ಅಂಗೈ ಬೆರಳುಗಳೂ ಸೇರಿ ಅವಳ ಮೈಚರ್ಮದ ಸುಮಾರು ನೂರಕ್ಕೆ 1 ಪಾಲು. ಈ ಲೆಕ್ಕದಲ್ಲಿ ನನ್ನ ಮಚ್ಚೆಗಳನ್ನು ಅಳೆದು, ಹಚ್ಚಿಯೇ ನೋಡಬಹುದಾದ ಮಿತಿಯಲ್ಲಿದೆ ಎಂದರು. ಮೈಗೆ ಕ್ಯಾಲ್ಸಿಪೋಟ್ರಿಯಾಲ್ ಎಂಬ ಡಿ ಜೀವಸತ್ವದ ಬಗೆಯೊಂದು ಮತ್ತು ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಒಟ್ಟಿಗಿರುವ ಮುಲಾಮು, ತಲೆಗೆ ಕೋಲ್‌ಟಾರ್ ಮತ್ತು ಸ್ಯಾಲಿಸಿಲಿಕ್ ಆಮ್ಲದ ಶಾಂಪೂ. ಅಂಗಡಿಯ ಟ್ಯೂಬಿನಲ್ಲಿದ್ದ ಸ್ಟೀರಾಯ್ಡನ್ನು ಬೈದವರೇ ಸ್ಟೀರಾಯ್ಡ್ ಬರೆದುಕೊಟ್ಟರಲ್ಲ ಎಂದು ನಾನು ಕೇಳಿಯೇಬಿಟ್ಟೆ. ಎಷ್ಟು ಪ್ರಬಲ, ಯಾವ ಜಾಗಕ್ಕೆ, ಎಷ್ಟು ವಾರ, ಹೇಗೆ ಇಳಿಸುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದು ಔಷಧ, ಇಲ್ಲದಿದ್ದರೆ ಆಪತ್ತು ಎಂದರು. ಮೊಣಕೈಗೆ ಸಲ್ಲುವ ಬಲದ ಸ್ಟೀರಾಯ್ಡ್ ಮುಖಕ್ಕೂ ಸ್ತನದಡಿಯ ಮಡಿಕೆಗೂ ಸಲ್ಲದು. ಅಲ್ಲಿಯ ತೆಳುಚರ್ಮ ಇನ್ನೂ ಸವೆದು, ಗೆರೆಬಿದ್ದು ಹೋಗುತ್ತದೆ.

ಅಳತೆಯ ವಿಷಯದಲ್ಲಿ ಅವರು ಕಲಿಸಿದ್ದನ್ನು ನಾನು ಈಗಲೂ ಪಾಲಿಸುತ್ತೇನೆ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ತಲೆಗೆ ಹಿಂದಿನ ರಾತ್ರಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಬಟ್ಟೆ ಸುತ್ತಿ ಮಲಗಿದರೆ ಚಕ್ಕೆ ಮೆತ್ತಗಾಗುತ್ತದೆ. ಬೆಳಿಗ್ಗೆ ಟಾರ್ ಶಾಂಪೂವನ್ನು ಕೂದಲಿಗಲ್ಲದೆ ನೆತ್ತಿಯ ಚರ್ಮಕ್ಕೆ ತಾಗಿಸಿ, ಕೆಲವು ನಿಮಿಷ ಬಿಟ್ಟು ತೊಳೆಯಬೇಕು. ಬಾಚಣಿಗೆಯಿಂದ ಚಕ್ಕೆಯನ್ನು ಎಬ್ಬಿಸಬಾರದು. ಎಬ್ಬಿಸಿದ ಜಾಗದಲ್ಲೇ ಅದು ಮತ್ತೆ ದಪ್ಪವಾಗುತ್ತದೆ. ದಿಂಬಿಗೆ ಹತ್ತಿದ ಟಾರಿನ ವಾಸನೆಗೆ ಮನೆಯವರು ಒಗ್ಗಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಅತ್ತೆಯವರು ತಮ್ಮ ದಾರಿಯಲ್ಲಿ ನೆರವಾದರು. ಬದನೆಕಾಯಿ ನಂಜು ಎಂದು ಮನೆಗೆ ತರುವುದನ್ನೇ ನಿಲ್ಲಿಸಿದರು, ಮೀನು ಕೂಡ ನಿಂತಿತು. ಚರ್ಮದ ಕಾಯಿಲೆಗೆ ನಾಗದೋಷವನ್ನು ನೆನೆಯುವುದು ನಮ್ಮ ಕಡೆ ರೂಢಿಯಾದ್ದರಿಂದ, “ಒಂದ್ಸಲ ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸ್ಕೊಂಡು ಬಂದುಬಿಡೋಣ ಕಣಮ್ಮ, ನಂಗೊಂದು ಸಮಾಧಾನ” ಎಂದರು. ವೈದ್ಯರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಹೋಗಿ ಬನ್ನಿ, ಮುಲಾಮನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ ಎಂದರು. ಬದನೆಕಾಯಿಗೂ ಈ ಕಾಯಿಲೆಗೂ ನಂಟಿದೆ ಎನ್ನಲು ಆಧಾರವಿಲ್ಲ. ಮೈತೂಕ ಇಳಿಸುವುದಕ್ಕೆ ಮಾತ್ರ ಗಟ್ಟಿಯಾದ ಆಧಾರವಿದೆ ಎಂದೂ ಸೇರಿಸಿದರು. ಕುಕ್ಕೆಗೆ ಹೋಗಿಬಂದೆವು. ಅತ್ತೆಯವರ ಸಮಾಧಾನ ನನ್ನ ನಿದ್ದೆಗೂ ಒಳ್ಳೆಯದಾಯಿತು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ.

ಅಡ್ಡದಾರಿಯ ಬೆಲೆ ಏನೆಂದು ನಮಗೆ ತೋರಿಸಿದವರು ಕಡೂರಿನ ಮಾವ. ಯಾರೋ ಹೇಳಿದರೆಂದು ಅವರು ಹೆಸರೂ ಚೀಟಿಯೂ ಇಲ್ಲದ ಪುಡಿಯ ಪೊಟ್ಟಣಗಳನ್ನು ತಂದು ನುಂಗುತ್ತಿದ್ದರು. ಮೈ ಪವಾಡವೆಂಬಂತೆ ತಿಳಿಯಾಯಿತು. ಜೊತೆಗೆ ಮುಖ ಊದಿಕೊಂಡಿತು, ಹಸಿವು ಹೆಚ್ಚಿತು. ಪುಡಿ ನಿಲ್ಲಿಸಿದ ಸ್ವಲ್ಪ ದಿನಗಳಲ್ಲಿ ಅಡಿಯಿಂದ ಮುಡಿಯವರೆಗೆ ಚರ್ಮವೆಲ್ಲ ಕೆಂಪಾಗಿ, ಹಾಸಿಗೆಯ ತುಂಬ ಚಕ್ಕೆ ಉದುರಿ, ಬೇಸಿಗೆಯ ಮಧ್ಯಾಹ್ನ ಕಂಬಳಿ ಹೊದ್ದು ನಡುಗುವ ಸ್ಥಿತಿ ಬಂತು. ಮೈಯ ಬಹುಭಾಗ ಹೀಗೆ ಉರಿಯೂತಕ್ಕೆ ಒಳಗಾಗುವುದಕ್ಕೆ ಎರಿತ್ರೋಡರ್ಮಾ ಎನ್ನುತ್ತಾರೆ. ಚರ್ಮ ನೀರನ್ನೂ ಕಾವನ್ನೂ ಹಿಡಿದಿಡಲಾರದೆ ಪ್ರಾಣಕ್ಕೇ ಕುತ್ತಾಗಬಹುದು. ಪುಡಿಯಲ್ಲಿ ಏನಿತ್ತೆಂದು ಪರೀಕ್ಷಿಸಿದವರಿಲ್ಲ, ಲಕ್ಷಣಗಳನ್ನು ನೋಡಿ ಸ್ಟೀರಾಯ್ಡ್ ಇದ್ದಿರಬೇಕೆಂದು ಆಸ್ಪತ್ರೆಯವರು ಊಹಿಸಿದರು. ಆಯುರ್ವೇದವನ್ನು ನಾನು ಇಲ್ಲಿ ದೂರುತ್ತಿಲ್ಲ. ಓದಿದ ಆಯುರ್ವೇದ ವೈದ್ಯರು ಕೊಡುವ ಔಷಧಕ್ಕೆ ಹೆಸರಿರುತ್ತದೆ, ಪ್ರಮಾಣವಿರುತ್ತದೆ. ಹೆಸರಿಲ್ಲದ ಪುಡಿಗೆ ಯಾವ ಶಾಸ್ತ್ರದ ಬೆಂಬಲವೂ ಇರುವುದಿಲ್ಲ.

ಮಾವ ಚೇತರಿಸಿಕೊಂಡ ಮೇಲೆ ಅವರಿಗೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಆರಂಭಿಸಿದರು. ಈ ಔಷಧದ ಹಿಂದೆ ಭೀಮವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದ ದುಡಿಮೆಯಿದೆ ಎಂಬುದನ್ನು ಓದಿದಾಗ ನನಗೆ ಹೆಮ್ಮೆಯೆನಿಸಿತು. ಅದರ ಹತ್ತಿರದ ಬಂಧುವಾದ ಅಮಿನೋಪ್ಟೆರಿನ್ ಸಂಧಿವಾತಕ್ಕೆಂದು ಕೊಟ್ಟಾಗ ಸೋರಿಯಾಸಿಸ್‌ನ ಮಚ್ಚೆಗಳೂ ಮಾಯುವುದನ್ನು ಅಮೆರಿಕದ ವೈದ್ಯರು 1951ರಲ್ಲಿ ವರದಿ ಮಾಡಿದ್ದರು. ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಮರೆವಿನಿಂದಲೋ ಅವಸರದಿಂದಲೋ ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ಸಾವು ಸಂಭವಿಸಬಹುದು. ಅದಕ್ಕಾಗಿ ಅತ್ತೆ, ಅಂದರೆ ಮಾವನ ಹೆಂಡತಿ, ಆ ಮಾತ್ರೆಯ ಪಟ್ಟಿಯನ್ನು ಒಡವೆಗಳ ಜೊತೆ ಬೀರುವಿನಲ್ಲಿಟ್ಟು ಭಾನುವಾರ ಮಾತ್ರ ಬೀಗ ತೆಗೆಯುತ್ತಾರೆ. ಮಾರನೆಯ ದಿನದ ಫೋಲಿಕ್ ಆಮ್ಲದ ಮಾತ್ರೆ ಮಾತ್ರ ದೇವರ ಗೂಡಿನ ಪಕ್ಕದಲ್ಲಿರುತ್ತದೆ.

ನನ್ನ ವಿಷಯದಲ್ಲಿ ಆ ಹಾದಿ ಆಗ ಮುಚ್ಚಿತ್ತು. ಮುಲಾಮುಗಳಿಂದ ಸೊಂಟ ಮತ್ತು ಮೊಣಕೈ ಸುಧಾರಿಸಿದರೂ ಬೆನ್ನಿಗೂ ತೊಡೆಗೂ ಮಚ್ಚೆಗಳು ಹರಡಿ, ಮೈಯ ನೂರಕ್ಕೆ 10 ಪಾಲನ್ನು ದಾಟಿದವು. ನಮಗೆ ಎರಡನೆಯ ಮಗು ಬೇಕಿತ್ತು. ಮೆಥೊಟ್ರೆಕ್ಸೇಟ್ ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ಅಸಿಟ್ರೆಟಿನ್ ಎಂಬ ಮತ್ತೊಂದು ಔಷಧ ಇನ್ನೂ ಹಠಮಾರಿ, ಅದನ್ನು ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು. ಮದುವೆಯಾದ, ಮದುವೆಯಾಗಲಿರುವ ಹೆಣ್ಣುಮಕ್ಕಳು ಸೋರಿಯಾಸಿಸ್‌ಗೆ ಯಾವ ಮಾತ್ರೆ ಬರೆಸಿಕೊಂಡರೂ ಮಗುವಿನ ವಿಚಾರವನ್ನು ತಾವಾಗಿಯೇ ಎತ್ತಬೇಕು. ಗಂಡ ಪಕ್ಕದಲ್ಲಿ ಕುಳಿತಿದ್ದರೆ ಎಷ್ಟೋ ವೈದ್ಯರು ಕೇಳಲು ಮುಜುಗರ ಪಡುವುದನ್ನು ನಾನು ಕಂಡಿದ್ದೇನೆ. ನಮ್ಮ ವೈದ್ಯೆ ಕೇಳಿದರು, ಮತ್ತು ಬೆಳಕಿನ ಚಿಕಿತ್ಸೆಯನ್ನು ಆರಿಸಿದರು.

ನ್ಯಾರೋಬ್ಯಾಂಡ್ ಯುವಿಬಿ ಎಂದು ಕರೆಯುವ ಇದರಲ್ಲಿ ಬಳಸುವುದು ಸುಮಾರು 311 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ. ಒಬ್ಬರು ನಿಲ್ಲುವಷ್ಟು ಅಗಲದ ಕಪಾಟಿನಂಥ ಪೆಟ್ಟಿಗೆ. ಒಳಗೋಡೆಯ ಸುತ್ತಲೂ ಆಳೆತ್ತರದ ಟ್ಯೂಬ್‌ಲೈಟುಗಳು. ಮೈಗೆ ಎಣ್ಣೆ, ದಪ್ಪ ಮುಲಾಮು, ಸುಗಂಧ ಏನೂ ಹಚ್ಚದೆ ಹೋಗಬೇಕು. ಕಪ್ಪು ಕನ್ನಡಕ ಹಾಕಿಕೊಂಡು ಕೈಗಳನ್ನು ಸ್ವಲ್ಪ ಮೇಲೆತ್ತಿ ನಿಂತರೆ, ಹೊರಗೆ ಸಿಸ್ಟರ್ ಗುಂಡಿ ಒತ್ತುತ್ತಾರೆ. ಫ್ಯಾನಿನ ಸದ್ದಿನೊಂದಿಗೆ ನೇರಳೆ ಬೆಳಕು ಹತ್ತಿ, ಮೊದಮೊದಲು ಉಸಿರು ಹಿಡಿದು ಬಿಡುವಷ್ಟರಲ್ಲಿ ಆರಿಹೋಗುತ್ತದೆ. ಪ್ರತಿ ಸಲವೂ ಹಿಂದಿನ ಸರದಿಯ ನಂತರ ಚರ್ಮ ಕೆಂಪಾಯಿತೇ, ಉರಿಯಿತೇ ಎಂದು ಕೇಳಿ ಪ್ರಮಾಣವನ್ನು ಅಷ್ಟಷ್ಟೇ ಏರಿಸುತ್ತಾರೆ. ಎಳೆಬಿಸಿಲಿನಲ್ಲಿ ಕುಳಿತರೆ ಇದೇ ಲಾಭ ಸಿಗದೇ ಎಂದು ಕೇಳುವವರು ಬಹಳ. ಎಳೆಬಿಸಿಲಿನಲ್ಲಿ ಯುವಿಬಿ ಇರುವುದೇ ಅತ್ಯಲ್ಪ. ಅದು ಹೇರಳವಾಗಿರುವ ನಡುಮಧ್ಯಾಹ್ನದ ಬಿಸಿಲಿಗೆ ಅಳತೆಯಿಲ್ಲ, ಸುಟ್ಟ ಚರ್ಮದಲ್ಲಿ ಹೊಸ ಮಚ್ಚೆ ಏಳುವ ಭಯವೂ ಇದೆ.

ಚಿಕಿತ್ಸೆಗಿಂತ ಕಷ್ಟವಾದದ್ದು ಅದರ ವೇಳಾಪಟ್ಟಿ. ವಾರಕ್ಕೆ ಮೂರು ದಿನ, ಸಾಮಾನ್ಯವಾಗಿ 20ರಿಂದ 30 ಸರದಿಗಳು. ನಡುವೆ ವಾರಗಟ್ಟಲೆ ತಪ್ಪಿದರೆ ಪ್ರಮಾಣವನ್ನು ಮತ್ತೆ ಕೆಳಗಿನಿಂದ ಏರಿಸಬೇಕು. ಕೊನೆಯ ಪೀರಿಯಡ್ ಇಲ್ಲದಂತೆ ಮುಖ್ಯೋಪಾಧ್ಯಾಯರು ವೇಳಾಪಟ್ಟಿ ಬದಲಿಸಿಕೊಟ್ಟರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲದ್ದರಿಂದ ಶಿವಮೊಗ್ಗದ ಓಡಾಟದ ಖರ್ಚು ತಪ್ಪಿತು, ನೂಕುನುಗ್ಗಲು ತಪ್ಪಲಿಲ್ಲ. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಚಕ್ಕೆ ತೆಳುವಾಯಿತು, ಅಂಚುಗಳು ಒಡೆದವು, ಮಚ್ಚೆಯ ನಡುವಿನಿಂದ ನುಣುಪಾದ ಚರ್ಮ ಕಾಣತೊಡಗಿತು. ಕಾಲಿನ ಮಚ್ಚೆಗಳು ಕೊನೆಯವರೆಗೂ ಜಗ್ಗಾಡಿದವು. ಕಾಲು ಎಲ್ಲರಿಗೂ ನಿಧಾನವೇ ಎಂದು ಸಿಸ್ಟರ್ ಹೇಳಿದರು.

ಗರ್ಭಿಣಿಯಾದ ಮೇಲೆ ಬೆಳಕನ್ನೂ ನಿಲ್ಲಿಸಿದೆವು, ಏಕೆಂದರೆ ಅದರ ಅಗತ್ಯವೇ ಬೀಳಲಿಲ್ಲ. ಸುಮಾರು ಅರ್ಧದಷ್ಟು ಹೆಂಗಸರಿಗೆ ಗರ್ಭದ ಅವಧಿಯಲ್ಲಿ ಸೋರಿಯಾಸಿಸ್ ತಾನಾಗಿ ಇಳಿಯುತ್ತದೆ. ನಾನು ಆ ಅರ್ಧದಲ್ಲಿದ್ದೆ. ಹೆರಿಗೆಯ ನಂತರ ಮರಳುವುದೂ ಅಷ್ಟೇ ಸಾಮಾನ್ಯವೆಂದು ಮೊದಲೇ ಎಚ್ಚರಿಸಿದ್ದರಿಂದ, ಬಾಣಂತನದಲ್ಲಿ ನೆತ್ತಿ ಮತ್ತೆ ಬಿಗಿದಾಗ ಗಾಬರಿಯಾಗಲಿಲ್ಲ. ಎದೆಹಾಲು ಕುಡಿಸುವಷ್ಟು ಕಾಲ ಮೆಥೊಟ್ರೆಕ್ಸೇಟ್ ಕೂಡದು. ಮುಲಾಮು, ಎಣ್ಣೆ, ಆಮೇಲೆ ಮತ್ತೆ ಶಿವಮೊಗ್ಗದ ಪೆಟ್ಟಿಗೆಯಲ್ಲಿಯೇ ಆ ಕಾಲವನ್ನು ದಾಟಿದೆ.

ಮಗು ಹಾಲು ಬಿಟ್ಟ ಮೇಲೆ ಬಂದ ಹೊಸ ತೊಂದರೆ ಚರ್ಮದ್ದಲ್ಲ. ಬೆಳಿಗ್ಗೆ ಎದ್ದಾಗ ಬಲಗೈಯ ಬೆರಳುಗಳು ಮಡಚಲು ಬಾರದೆ, ಹಿಟ್ಟು ನಾದಲು ಮುಕ್ಕಾಲು ಗಂಟೆ ಕಾಯುವಂತಾಯಿತು. ನಡುಬೆರಳು ಬುಡದಿಂದ ತುದಿಯವರೆಗೆ ಒಂದೇ ದಪ್ಪಕ್ಕೆ ಊದಿತು, ಹಿಮ್ಮಡಿಯೂ ನೋಯತೊಡಗಿತು. ಬಾಣಂತಿಯ ವಾಯು ಎಂದು ಮನೆಯಲ್ಲಿ ಅಂದರು. ಉಗುರಿನಲ್ಲಿ ಕುಳಿ ಇರುವವರಲ್ಲಿ ಕೀಲಿನ ಸೋರಿಯಾಸಿಸ್ ಸಾಧ್ಯತೆ ಹೆಚ್ಚು, ಬೆಳಗಿನ ಬಿಗಿತವನ್ನು ಅಸಡ್ಡೆ ಮಾಡಬೇಡಿ ಎಂದು ಮೊದಲ ಭೇಟಿಯಲ್ಲಿಯೇ ವೈದ್ಯೆ ಹೇಳಿದ್ದರು. ಕೀಲುರೋಗ ತಜ್ಞರಾದ ರುಮಟಾಲಜಿಸ್ಟ್ ಪರೀಕ್ಷಿಸಿ ಅದನ್ನೇ ಖಚಿತಪಡಿಸಿದರು. ರುಮಟಾಯ್ಡ್ ಸಂಧಿವಾತದಲ್ಲಿ ಸಾಮಾನ್ಯವಾಗಿ ರಕ್ತದಲ್ಲಿ ಕಾಣುವ ಆರ್‌ಎ ಫ್ಯಾಕ್ಟರ್ ಎಂಬ ಅಂಶ ಇದರಲ್ಲಿ ಬಹುತೇಕ ಇರುವುದಿಲ್ಲ, ಆದ್ದರಿಂದ ರಕ್ತದ ವರದಿ ಚೆನ್ನಾಗಿದೆ ಎಂದು ಸುಮ್ಮನಾಗುವಂತಿಲ್ಲ. ತಡಮಾಡಿದರೆ ಕೀಲು ಸವೆದು ಬೆರಳು ಸೊಟ್ಟಗಾಗುತ್ತದೆ.

ಹಾಗಾಗಿ ಈಗ ನಾನೂ ಮೆಥೊಟ್ರೆಕ್ಸೇಟ್ ನುಂಗುತ್ತಿದ್ದೇನೆ. ಇನ್ನು ಮಕ್ಕಳು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿ, ಗರ್ಭನಿರೋಧಕದ ವ್ಯವಸ್ಥೆ ಮಾಡಿಕೊಂಡ ನಂತರವೇ ಅದನ್ನು ಆರಂಭಿಸಿದರು. ಅದಕ್ಕೂ ಮುಂಚೆ ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಪರೀಕ್ಷೆಗಳಾದವು. ಇದು ಸಾಲದಿದ್ದರೆ, ಉರಿಯೂತದ ನಿರ್ದಿಷ್ಟ ಕೊಂಡಿಯನ್ನೇ ತಡೆಯುವ ಬಯಾಲಾಜಿಕ್ ಚುಚ್ಚುಮದ್ದುಗಳಿವೆ. ಬೆಂಗಳೂರಿನ ಬಯೋಕಾನ್ ರೂಪಿಸಿದ ಇಟೊಲಿಜುಮ್ಯಾಬ್ ಚರ್ಮದ ಸೋರಿಯಾಸಿಸ್‌ಗೆಂದು 2013ರಲ್ಲಿ ಭಾರತದಲ್ಲಿ ಮಾರುಕಟ್ಟೆಗೆ ಬಂತು. ನನ್ನಂತೆ ಕೀಲು ನೋವೂ ಇರುವವರಿಗೆ ಅಡಲಿಮ್ಯುಮಾಬ್, ಸೆಕುಕಿನುಮ್ಯಾಬ್ ಮೊದಲಾದವನ್ನು ಹೇಳುತ್ತಾರೆ. ಅವುಗಳಲ್ಲಿ ಕೆಲವು ಒಳಗೆ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದ್ದರಿಂದ ಕ್ಷಯದ ಪರೀಕ್ಷೆಯಾಗದೆ ಕೊಡುವುದಿಲ್ಲ. ನಮ್ಮ ಸಂಬಳಕ್ಕೆ ಅವು ಭಾರವೇ. ಸದ್ಯ ಬೆರಳಿನ ಊತ ಇಳಿದಿದೆ, ಸೀಮೆಸುಣ್ಣ ಹಿಡಿಯಲು ತೊಂದರೆಯಿಲ್ಲ. ಮಾತ್ರೆಯ ದಿನ ಶನಿವಾರ. ಮರುದಿನ ಹೊಟ್ಟೆ ತೊಳಸಿದರೂ ಶಾಲೆಗೆ ರಜೆ ಹಾಕಬೇಕಾಗುವುದಿಲ್ಲ. ಯಕೃತ್ತಿನ ಮುಂದಿನ ವರದಿ ಸರಿಯಿದ್ದರೆ ಇದೇ ಪ್ರಮಾಣದಲ್ಲಿ ಮುಂದುವರಿಯುವುದು, ಇಲ್ಲವಾದರೆ ಅಪ್ರೆಮಿಲಾಸ್ಟ್ ಎಂಬ ಬೇರೆ ಮಾತ್ರೆಗೆ ಬದಲಾಯಿಸುವುದು ಎಂದು ಇಬ್ಬರು ವೈದ್ಯರೂ ಮಾತಾಡಿಕೊಂಡಿದ್ದಾರೆ.